ಡಾರ್ಕ್ ಶ್ಯಾಡೋಸ್ ಧಾರಾವಾಹಿಯಲ್ಲಿ ಬಾರ್ನಬಸ್ ಆಗಿದ್ದ ಜೊನಾಥನ್ ಫ್ರಿಡ್ ಆಮೇಲೆ ಏಕೆ ಕಾಣಿಸಲಿಲ್ಲ?

ನಿವೃತ್ತ ಟೀಚರ್, ಸೋಮವಾರಪೇಟೆ:

ಫೆಬ್ರವರಿಯಲ್ಲಿ ಕಾಫಿ ಕೊಯ್ಲು ಮುಗಿದ ಮರುದಿನದಿಂದ ನಾನು ಮತ್ತು ನನ್ನ ಅತ್ತಿಗೆ ಒಂದು ಹಳೆಯ ಅಮೆರಿಕನ್ ಧಾರಾವಾಹಿಯನ್ನು ಮೊದಲ ಕಂತಿನಿಂದ ನೋಡುತ್ತಿದ್ದೇವೆ. ಹೆಸರು ಡಾರ್ಕ್ ಶ್ಯಾಡೋಸ್. 1966ರ ಜೂನ್ 27ರಂದು ಶುರುವಾಗಿ 1971ರ ಏಪ್ರಿಲ್ 2ರಂದು ಮುಗಿದದ್ದು, ಒಟ್ಟು 1225 ಕಂತು. ದಿನಕ್ಕೆ ಎರಡು ಕಂತು ನಮ್ಮ ನಿಯಮ. ಈಗ ಮುನ್ನೂರರ ಹತ್ತಿರ ಬಂದಿದ್ದೇವೆ. ಮಳೆ ಹಿಡಿದ ಮೇಲೆ ತಂತಿಯ ಮೇಲೆ ಮರ ಬಿದ್ದು ಎರಡು ದಿನ ಕತ್ತಲಾದರೆ, ಕರೆಂಟ್ ಬಂದ ದಿನ ನಾಲ್ಕು ನೋಡಿ ಸರಿದೂಗಿಸುತ್ತೇವೆ.

ಅತ್ತಿಗೆಯ ಮಗಳು ಬಾಸ್ಟನ್‌ನಲ್ಲಿದ್ದಾಳೆ. ಹೋದ ವರ್ಷ ಹುತ್ತರಿಗೆ ಬಂದಾಗ ಇದರ ಪೂರ್ತಿ ಸಂಗ್ರಹವನ್ನು ತಂದಳು. 131 ಡಿವಿಡಿಗಳು, ಅವುಗಳನ್ನು ಇಟ್ಟ ಪೆಟ್ಟಿಗೆ ಶವಪೆಟ್ಟಿಗೆಯ ಆಕಾರದ್ದು. ಅದನ್ನು ನೋಡಿದ ಕೂಡಲೇ ಅತ್ತಿಗೆ, "ಸಂಜೆ ದೀಪ ಹಚ್ಚುವ ಮನೆಯೊಳಗೆ ಇದು ಬೇಡ" ಎಂದರು. ಹಾಗಾಗಿ ಪೆಟ್ಟಿಗೆ ಕಾಫಿ ಮೂಟೆ ಇಡುವ ಗೋದಾಮಿನಲ್ಲಿದೆ. ಡಿವಿಡಿಗಳನ್ನು ನಾನು ಎರಡು ಸ್ಟೀಲ್ ಡಬ್ಬಗಳಿಗೆ ತುಂಬಿ, ಬೂಸು ಹಿಡಿಯದಿರಲೆಂದು ನಲವತ್ತು ವ್ಯಾಟ್ ಬಲ್ಬು ಉರಿಸುವ ಬಟ್ಟೆಯ ಬೀರುವಿನಲ್ಲಿಟ್ಟಿದ್ದೇನೆ. ನಮ್ಮ ರೇಷ್ಮೆ ಸೀರೆಗಳ ಪಕ್ಕದಲ್ಲಿಯೇ ಕಥೆಯ ಕಾಲಿನ್ಸ್ ಕುಟುಂಬದವರು ಬೆಚ್ಚಗಿದ್ದಾರೆ.

ನೋಡದವರಿಗಾಗಿ ಎರಡು ಮಾತು. ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದಲ್ಲಿ ಕಾಲಿನ್ಸ್‌ಪೋರ್ಟ್ ಎಂಬ ಕಾಲ್ಪನಿಕ ಊರು. ಸಮುದ್ರದ ಮೇಲಿನ ಬಂಡೆಯಲ್ಲಿ ದೊಡ್ಡ ಹಳೆಯ ಬಂಗಲೆ. ಅನಾಥಾಲಯದಲ್ಲಿ ಬೆಳೆದ ವಿಕ್ಟೋರಿಯಾ ಎಂಬ ಹುಡುಗಿ ಆ ಮನೆಯ ಮಗುವಿಗೆ ಪಾಠ ಹೇಳಲು ರೈಲಿನಲ್ಲಿ ಬರುತ್ತಾಳೆ. ಅಲ್ಲಿಂದ ಸುಮಾರು 200 ಕಂತುಗಳವರೆಗೆ ಮನೆತನದ ಗುಟ್ಟುಗಳು, ಆಸ್ತಿಯ ಜಗಳ, ಅಲ್ಲಲ್ಲಿ ಒಂದೊಂದು ಪ್ರೇತ. ನೋಡುವವರು ಕಡಿಮೆಯಾಗಿ ಇನ್ನೇನು ನಿಂತುಹೋಗುತ್ತದೆ ಎಂಬ ಹಂತಕ್ಕೆ ಬಂದಾಗ, 1967ರ ಏಪ್ರಿಲ್‌ನಲ್ಲಿ, ಒಡವೆಯ ಆಸೆಗೆ ಬಿದ್ದ ವಿಲ್ಲಿ ಎಂಬವನು ಮನೆತನದ ಸಮಾಧಿಗೆ ನುಗ್ಗಿ ಸರಪಳಿ ಸುತ್ತಿದ ಶವಪೆಟ್ಟಿಗೆಯೊಂದನ್ನು ತೆರೆಯುತ್ತಾನೆ. ಒಳಗಿನಿಂದ ಒಂದು ಕೈ ಬಂದು ಅವನ ಕುತ್ತಿಗೆ ಹಿಡಿಯುತ್ತದೆ. ಮರುದಿನದ ಕಂತಿನಲ್ಲಿ ಬಂಗಲೆಯ ಬಾಗಿಲಿಗೆ ಒಬ್ಬ ಸಭ್ಯ ಗೃಹಸ್ಥ ಬಂದು ನಿಲ್ಲುತ್ತಾನೆ. ಭುಜದ ಮೇಲೆ ಹಳೆಯ ಕಾಲದ ಮೇಲಂಗಿ, ಕೈಯಲ್ಲಿ ತೋಳದ ತಲೆಯ ಬೆಳ್ಳಿ ಹಿಡಿಕೆಯ ಬೆತ್ತ, ಬೆರಳಿಗೆ ಕಪ್ಪು ಹರಳಿನ ಉಂಗುರ. ತಾನು ಇಂಗ್ಲೆಂಡಿನಿಂದ ಬಂದ ದಾಯಾದಿ ಎನ್ನುತ್ತಾನೆ. ಅವನ ಹಿಂದಿನ ಗೋಡೆಯಲ್ಲಿ 18ನೆಯ ಶತಮಾನದ ಹಿರಿಯನೊಬ್ಬನ ಚಿತ್ರಪಟ ತೂಗುತ್ತಿದೆ, ಮುಖ ಅದೇ. ಅವನು ಬಾರ್ನಬಸ್ ಕಾಲಿನ್ಸ್, ರಕ್ತಪಿಶಾಚಿ. ಆ ಪಾತ್ರ ಮಾಡಿದವರು ಜೊನಾಥನ್ ಫ್ರಿಡ್.

ನನ್ನ ಪ್ರಶ್ನೆ ಹುಟ್ಟಿದ್ದು ಅತ್ತಿಗೆಯಿಂದ. ಅವರಿಗೆ 79 ವರ್ಷ, ಇಂಗ್ಲಿಷ್ ಬರುವುದಿಲ್ಲ. ಪ್ರತಿ ದೃಶ್ಯ ಮುಗಿದಾಗ ನಾನು ಅಲ್ಲಿಗೇ ತಡೆದು, ಯಾರು ಯಾರಿಗೆ ಏನು ಹೇಳಿದರು ಎಂದು ಕನ್ನಡದಲ್ಲಿ ಹೇಳುತ್ತೇನೆ. ಮಾತು ತಿಳಿಯದ ಕಾರಣ ಅವರ ಕಣ್ಣು ಮುಖಗಳ ಮೇಲೆಯೇ ಇರುತ್ತದೆ, ಆದ್ದರಿಂದ ನನಗೆ ಕಾಣದ್ದು ಅವರಿಗೆ ಕಾಣುತ್ತದೆ. ಮ್ಯಾಗಿ ಎಂಬ ಹೋಟೆಲ್ ಹುಡುಗಿಯನ್ನು ತನ್ನ ಸತ್ತ ಪ್ರೇಯಸಿ ಜೋಸೆಟ್ ಎಂದೇ ನಂಬಿಸಲು ಬಾರ್ನಬಸ್ ಅವಳಿಗೆ ಹಾಡುವ ಪೆಟ್ಟಿಗೆಯೊಂದನ್ನು ಕೊಡುವ ಭಾಗವಿದೆ. ಮೇಣದ ಬತ್ತಿಯ ಬೆಳಕು, ಅವನು ಮಾತನಾಡುತ್ತಾ ಮಾತನಾಡುತ್ತಾ ನಡುವೆ ನಿಲ್ಲಿಸುತ್ತಾನೆ, ಕಣ್ಣು ಎಲ್ಲಿಗೋ ಹೋಗಿ ಮರಳುತ್ತದೆ. ಅತ್ತಿಗೆ ಕೈಯಲ್ಲಿದ್ದ ಹುರುಳಿಕಾಯಿಯನ್ನು ಮೊರದಲ್ಲಿಟ್ಟು ಕೇಳಿದರು, "ಇವನಿಗೆ ಯಾರ ಹೆದರಿಕೆ?"

ನನಗೆ ಉತ್ತರ ತೋಚಲಿಲ್ಲ. ಕಥೆಯ ಪ್ರಕಾರ ಎಲ್ಲರೂ ಅವನಿಗೆ ಹೆದರಬೇಕು. ಆಮೇಲೆ ಹಿಂದಿನ ನಾಲ್ಕೈದು ಕಂತುಗಳನ್ನು ತಿರುಗಿ ನೋಡಿದೆ. ಹೌದು, ಆ ಮನುಷ್ಯನ ಕಣ್ಣಿನಲ್ಲಿ ಒಂದು ಹೆದರಿಕೆ ಇದೆ, ಅದು ಪ್ರತಿ ಕಂತಿನಲ್ಲಿಯೂ ಇದೆ. ಅದನ್ನು ಕಂಡ ಮೇಲೆ ನನಗೆ ಅವನು ಕ್ರೂರಿಯಾಗಿ ಕಾಣುವುದೇ ನಿಂತುಹೋಯಿತು. ಇಷ್ಟು ಸೂಕ್ಷ್ಮವಾಗಿ ನಟಿಸಬಲ್ಲವರು ದೊಡ್ಡ ನಟರಾಗಿ ಬಾಳಿರಲೇಬೇಕು ಎಂದುಕೊಂಡು ಬಾಸ್ಟನ್ನಿನ ಸೊಸೆಯನ್ನು ಫೋನಿನಲ್ಲಿ ಕೇಳಿದರೆ, ಧಾರಾವಾಹಿ ಮುಗಿದ ಮೇಲೆ ಅವರು ಎರಡು ಮೂರು ಚಿತ್ರಗಳಿಗಿಂತ ಹೆಚ್ಚು ಮಾಡಲಿಲ್ಲ ಎಂದಳು. ಒಂದು ದೇಶದ ಮಕ್ಕಳೆಲ್ಲ ಶಾಲೆ ಬಿಟ್ಟ ಕೂಡಲೇ ಮನೆಗೆ ಓಡಿಬಂದು ನೋಡುತ್ತಿದ್ದ ಮುಖವದು. ಆಮೇಲೆ ಏನಾಯಿತು? ಆ ಪಾತ್ರವೇ ಅವರನ್ನು ನುಂಗಿತೇ? ಮತ್ತೆ ಉಳಿದವರ ಗತಿ? ಬಂಗಲೆಯ ಯಜಮಾನಿಯಾಗಿ ಬರುವ ಜೋನ್ ಬೆನೆಟ್ ಅವರ ನಿಲುವು, ಮೆಟ್ಟಿಲಿಳಿಯುವ ರೀತಿ ನೋಡಿದರೆ ಅವರು ಸಾಮಾನ್ಯ ನಟಿಯಲ್ಲ ಎಂದು ತಿಳಿಯುತ್ತದೆ. ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ. ಕಥೆ ಮುಂದೆ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳಬೇಡಿ.


ಹಳೆಯ ರೀಲು, ವಿರಾಜಪೇಟೆ:

ಟೀಚರ್, ನಮಸ್ಕಾರ. 22 ವರ್ಷ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸಿದವನು ನಾನು. ಮೊದಲು ಜೋನ್ ಬೆನೆಟ್ ಅವರಿಂದ ಶುರುಮಾಡಲು ಅನುಮತಿ ಕೊಡಿ, ಏಕೆಂದರೆ ಅವರ ಬಗ್ಗೆ ಯಾರಾದರೂ ಕೇಳಲಿ ಎಂದು ನಾನು ಬಹಳ ವರ್ಷದಿಂದ ಕಾದಿದ್ದೇನೆ.

ಅವರು ಹುಟ್ಟಿದ್ದು 1910ರಲ್ಲಿ, ರಂಗಭೂಮಿಯ ಮನೆತನದಲ್ಲಿ. ತಂದೆ ರಿಚರ್ಡ್ ಬೆನೆಟ್ ಹೆಸರಾಂತ ನಟ, ಅಕ್ಕ ಕಾನ್‌ಸ್ಟನ್ಸ್ ತಾರೆ. ಜರ್ಮನಿಯಿಂದ ಬಂದ ಫ್ರಿಟ್ಸ್ ಲ್ಯಾಂಗ್ ಅವರ ನಿರ್ದೇಶನದಲ್ಲಿ 1941ರಿಂದ 1948ರೊಳಗೆ ನಾಲ್ಕು ಚಿತ್ರ ಮಾಡಿದರು. ಅದರಲ್ಲಿ 1945ರ ಸ್ಕಾರ್ಲೆಟ್ ಸ್ಟ್ರೀಟ್ ನೋಡಿ. ಒಬ್ಬ ಬಡ ಗುಮಾಸ್ತನ ಬದುಕನ್ನು ನಗುನಗುತ್ತಲೇ ಹಾಳುಮಾಡುವ ಹೆಣ್ಣು, ಆದರೂ ಅವಳ ಮೇಲೆ ನಮಗೆ ಕೋಪ ಬರುವುದಿಲ್ಲ. ಅಂಥ ಕಲಾವಿದೆಗೆ 1951ರಲ್ಲಿ ಏನಾಯಿತೆಂದರೆ, ಅವರ ಗಂಡ, ನಿರ್ಮಾಪಕ ವಾಲ್ಟರ್ ವಾಂಗರ್, ಸಂಶಯದಿಂದ ಅವರ ಏಜೆಂಟನ ಮೇಲೆ ಗುಂಡು ಹಾರಿಸಿದರು. ಏಜೆಂಟ್ ಬದುಕಿದರು. ವಾಂಗರ್ ಕೆಲವು ತಿಂಗಳು ಜೈಲಿನಲ್ಲಿದ್ದು ಬಂದು ಮತ್ತೆ ಚಿತ್ರ ನಿರ್ಮಿಸಿದರು. ಅವಕಾಶ ಕಳೆದುಕೊಂಡದ್ದು ಮಾತ್ರ ಜೋನ್. ಅದುವರೆಗೆ ವರ್ಷಕ್ಕೆ ಎರಡು ಮೂರು ಚಿತ್ರ ಮಾಡುತ್ತಿದ್ದವರಿಗೆ ಮುಂದಿನ ಹತ್ತು ವರ್ಷದಲ್ಲಿ ಬೆರಳೆಣಿಕೆಯಷ್ಟೇ ಸಿಕ್ಕವು. ನಾಟಕ ಮಾಡಿಕೊಂಡು ಊರೂರು ತಿರುಗಿದರು. ಹಾಗಾಗಿ 1966ರಲ್ಲಿ ಮಧ್ಯಾಹ್ನದ ಧಾರಾವಾಹಿಗೆ ಅವರು ಒಪ್ಪಿಕೊಂಡದ್ದನ್ನು ಇಳಿಜಾರು ಎಂದು ನಾನು ಭಾವಿಸುವುದಿಲ್ಲ. ಐದು ವರ್ಷ ಪಟ್ಟಿಯ ಮೊದಲ ಹೆಸರು ಅವರದೇ. 1968ರಲ್ಲಿ ಈ ಪಾತ್ರಕ್ಕಾಗಿ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಗೆ ನಾಮನಿರ್ದೇಶನವಾಯಿತು. 1977ರಲ್ಲಿ ಇಟಲಿಯ ಸುಸ್ಪೀರಿಯಾ ಎಂಬ ಭಯಾನಕ ಚಿತ್ರದಲ್ಲಿ ನೃತ್ಯಶಾಲೆಯ ಉಪಮುಖ್ಯಸ್ಥೆಯಾಗಿ ಕಾಣಿಸಿಕೊಂಡರು. ಅಲ್ಲಿಯೂ ಅದೇ ಮೆಟ್ಟಿಲಿಳಿಯುವ ಗತ್ತು. 1990ರಲ್ಲಿ ತೀರಿಕೊಂಡರು.

ಇನ್ನು ಫ್ರಿಡ್. ಅವರು ಅಮೆರಿಕದವರಲ್ಲ, ಕೆನಡಾದ ಹ್ಯಾಮಿಲ್ಟನ್ ಊರಿನವರು, ಜನನ 1924. ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ನೌಕಾಪಡೆಯಲ್ಲಿದ್ದರು. ಲಂಡನ್ನಿನಲ್ಲಿ ನಾಟಕ ಕಲಿತು, 1957ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ನಿರ್ದೇಶನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಶೇಕ್ಸ್‌ಪಿಯರ್ ನಾಟಕಗಳಲ್ಲಿ ಪಳಗಿದವರು. 1967ರಲ್ಲಿ ಅವರು ನಟನೆಯನ್ನು ಬಿಟ್ಟು ಕ್ಯಾಲಿಫೋರ್ನಿಯಕ್ಕೆ ಹೋಗಿ ನಾಟಕದ ಮೇಷ್ಟರಾಗಬೇಕೆಂದಿದ್ದರು. ಹೊರಡುವ ಮುನ್ನ ಮನೆಯಲ್ಲಿ ಫೋನ್ ಬಡಿದುಕೊಂಡಿತು. ಕೆಲವೇ ವಾರಗಳ ಕೆಲಸ, ಒಂದು ರಕ್ತಪಿಶಾಚಿಯ ಪಾತ್ರ, ಕೊನೆಗೆ ಎದೆಗೆ ಗೂಟ ಹೊಡೆದು ಮುಗಿಸುತ್ತೇವೆ ಎಂದರು. ಊರು ಬಿಡುವ ಖರ್ಚಿಗಾಗುತ್ತದೆ ಎಂದು ಒಪ್ಪಿಕೊಂಡರು. ಆ ಕೆಲವು ವಾರ ನಾಲ್ಕು ವರ್ಷವಾಯಿತು.

ಮುಗಿದ ಮೇಲೆ 1973ರಲ್ಲಿ ಒಂದು ಟಿವಿ ಚಿತ್ರ, 1974ರಲ್ಲಿ ಆಲಿವರ್ ಸ್ಟೋನ್ ಅವರ ಮೊದಲ ಚಿತ್ರ. ಅಷ್ಟಕ್ಕೆ ನಿಂತಿತು. 1980ರ ದಶಕದಲ್ಲಿ ಮತ್ತೆ ರಂಗಕ್ಕೆ ಬಂದರು. ಆರ್ಸೆನಿಕ್ ಅಂಡ್ ಓಲ್ಡ್ ಲೇಸ್ ಹಾಸ್ಯ ನಾಟಕದ ಮರುಪ್ರಯೋಗದಲ್ಲಿ ಕೇಡಿಗ ಅಣ್ಣನ ಪಾತ್ರ ಮಾಡಿದರು. ಆಮೇಲೆ ಒಂದು ಮೇಜು, ಒಂದು ಕುರ್ಚಿ ಇಟ್ಟುಕೊಂಡು ಶೇಕ್ಸ್‌ಪಿಯರ್ ಭಾಗಗಳನ್ನು, ಭಯದ ಕಥೆಗಳನ್ನು ಒಬ್ಬರೇ ಓದುವ ಪ್ರದರ್ಶನಗಳನ್ನು ಕಟ್ಟಿಕೊಂಡು ಕಾಲೇಜು ಕಾಲೇಜು ತಿರುಗಿದರು. ನೀವು ಟೀಚರ್ ಆಗಿದ್ದವರು, ಹೇಳಿ. ಆ ಫೋನ್ ಬರದಿದ್ದರೆ ಅವರು ಮಾಡಬೇಕೆಂದಿದ್ದ ಕೆಲಸಕ್ಕೂ ಇದಕ್ಕೂ ಎಷ್ಟು ದೂರ?


ಗೋಣಿಕೊಪ್ಪಲಿನವನು:

ಹಿರಿಯರ ಮಾತಿಗೆ ಅಡ್ಡ ಬರುತ್ತಿದ್ದೇನೆ, ಕ್ಷಮಿಸಿ. ಪಾತ್ರ ನುಂಗಿತು ಎಂಬುದನ್ನು ನಾನು ಅರ್ಧ ಒಪ್ಪುತ್ತೇನೆ. ಮುಖಕ್ಕೆ ಅಂಟಿದ ಹಲ್ಲನ್ನು ಜನ ಮರೆಯಲಿಲ್ಲ, ಬೇರೆ ಪಾತ್ರ ಕೊಡುವವರೂ ಮರೆಯಲಿಲ್ಲ. ಆದರೆ ಅದೇ ಮನೆಯಿಂದ ಹೊರಬಿದ್ದ ಉಳಿದವರು ಬೆಳೆದರಲ್ಲ. ವಿಲ್ಲಿಯ ಪಾತ್ರ ಮಾಡಿದ ಜಾನ್ ಕಾರ್ಲೆನ್ ಅವರಿಗೆ ಕ್ಯಾಗ್ನಿ ಅಂಡ್ ಲೇಸಿ ಧಾರಾವಾಹಿಯಲ್ಲಿ ಪೊಲೀಸ್ ಅಧಿಕಾರಿಣಿಯ ಗಂಡನಾಗಿ ನಟಿಸಿದ್ದಕ್ಕೆ 1986ರಲ್ಲಿ ಎಮ್ಮಿ ಬಂತು. ಹೆಂಡತಿ ಕೆಲಸದಿಂದ ಬರುವವರೆಗೆ ಮಕ್ಕಳನ್ನು ನೋಡಿಕೊಳ್ಳುವ ಸಾಧು ಗಂಡ. ಸಮಾಧಿ ಒಡೆದವನೇ ಇವನು ಎಂದರೆ ನಂಬುವುದಕ್ಕಾಗುವುದಿಲ್ಲ. ಡೇವಿಡ್ ಸೆಲ್ಬಿ 1982ರಿಂದ 1990ರವರೆಗೆ ಫಾಲ್ಕನ್ ಕ್ರೆಸ್ಟ್ ಧಾರಾವಾಹಿಯ ಮುಖ್ಯ ನಟರಲ್ಲಿ ಒಬ್ಬರು. ಕೊನೆಯ ವರ್ಷ ಹೊಸದಾಗಿ ಬಂದ ಕೇಟ್ ಜಾಕ್ಸನ್, 1976ರಲ್ಲಿ ಚಾರ್ಲೀಸ್ ಏಂಜಲ್ಸ್ ಶುರುವಾದಾಗ ಮನೆಮಾತಾದರು. ಥೇಯರ್ ಡೇವಿಡ್ ಅದೇ ವರ್ಷ ರಾಕಿ ಚಿತ್ರದಲ್ಲಿ ಬಾಕ್ಸಿಂಗ್ ಪಂದ್ಯ ಏರ್ಪಡಿಸುವವನಾಗಿ ಬಂದರು, ಪಾಪ, 1978ರಲ್ಲಿ ಹೋಗಿಬಿಟ್ಟರು. ನಿರ್ಮಾಪಕ ಡ್ಯಾನ್ ಕರ್ಟಿಸ್ ಮುಂದೆ ಎರಡನೆಯ ಮಹಾಯುದ್ಧದ ಬಗ್ಗೆ ಎರಡು ಬೃಹತ್ ಟಿವಿ ಸರಣಿ ಮಾಡಿದರು. ಹಾಗಿರುವಾಗ ಫ್ರಿಡ್ ಒಬ್ಬರೇ ಹಿಂದೆ ಉಳಿದರೆ ಅದಕ್ಕೆ ಅವರ ಮನಸ್ಸೂ ಕಾರಣವಿರಬೇಕು. ಬೇಡವೆನಿಸಿರಬೇಕು.


ಧ್ವನಿ, ಮಡಿಕೇರಿ:

ನಿಮ್ಮ ಅತ್ತಿಗೆಗೆ ಮೊದಲು ನನ್ನ ನಮಸ್ಕಾರ ತಿಳಿಸಿ. ಅವರು ಕೇಳಿದ ಪ್ರಶ್ನೆಗೆ ನಿಜವಾದ ಉತ್ತರವಿದೆ.

ಆ ಧಾರಾವಾಹಿ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ನೇರಪ್ರಸಾರದ ಹಾಗೆಯೇ ಒಂದೇ ಓಟದಲ್ಲಿ ವಿಡಿಯೊ ಟೇಪಿಗೆ ಹಿಡಿಯುತ್ತಿದ್ದರು. ಆಗ ಟೇಪನ್ನು ಕತ್ತರಿಸಿ ಜೋಡಿಸುವುದು ದುಬಾರಿ ಕೆಲಸ. ಆದ್ದರಿಂದ ಗೋಡೆ ಅಲುಗಾಡಿದರೂ, ಮೈಕಿನ ಕೋಲು ಚೌಕಟ್ಟಿನೊಳಗೆ ಇಣುಕಿದರೂ, ನಟರು ಮಾತು ತಪ್ಪಿದರೂ ನಿಲ್ಲಿಸುತ್ತಿರಲಿಲ್ಲ. ಬೆಳಿಗ್ಗೆ ತಾಲೀಮು, ಮಧ್ಯಾಹ್ನ ಚಿತ್ರೀಕರಣ, ರಾತ್ರಿ ಮನೆಗೆ ಹೋಗಿ ಮರುದಿನದ ಮಾತು ಬಾಯಿಪಾಠ. ಫ್ರಿಡ್ ಅವರಿಗೆ ಬೇಗ ಬಾಯಿಪಾಠವಾಗುತ್ತಿರಲಿಲ್ಲ. ಎಲ್ಲರಿಗಿಂತ ಉದ್ದ ಮಾತುಗಳು ಅವರಿಗೇ. ಹಾಗಾಗಿ ಟೆಲಿಪ್ರಾಂಪ್ಟರ್, ಎಂದರೆ ಹೇಳಬೇಕಾದ ಮಾತನ್ನು ಕ್ಯಾಮೆರಾದ ಬಳಿ ಬರೆದು ತೋರಿಸುವ ಯಂತ್ರ, ನೋಡುತ್ತಿದ್ದರು. ಕಣ್ಣು ಎಲ್ಲಿಗೋ ಹೋಗಿ ಮರಳುತ್ತದೆ ಎಂದಿರಲ್ಲ, ಅದು ಅಲ್ಲಿಗೇ ಹೋಗುತ್ತಿತ್ತು. ಅತ್ತಿಗೆಯವರು ಕಂಡ ಹೆದರಿಕೆ ಮುಂದಿನ ಮಾತು ಮರೆತುಹೋದೀತು ಎಂಬ ನಟನ ಹೆದರಿಕೆ. ನೋಡುವವರಿಗೆ ಅದು ಇನ್ನೂರು ವರ್ಷದ ಒಂಟಿತನವಾಗಿ ಕಂಡಿತು.

ನಾನು ಮೂವತ್ತು ವರ್ಷದಿಂದ ರೇಡಿಯೊ ನಾಟಕಗಳಿಗೆ ಧ್ವನಿ ಕೊಡುತ್ತಿದ್ದೇನೆ. ನಮ್ಮ ಕೈಯಲ್ಲಿ ಹಾಳೆ ಇರುತ್ತದೆ, ಆದರೂ ಕೆಂಪು ದೀಪ ಹತ್ತಿದಾಗ ಹೊಟ್ಟೆಯೊಳಗೆ ಏನೋ ಜಾರುತ್ತದೆ. ಅದು ಇಲ್ಲದ ದಿನ ನನ್ನ ಧ್ವನಿ ಸಪ್ಪೆಯಾಗಿರುತ್ತದೆ ಎಂದು ನನಗೇ ತಿಳಿಯುತ್ತದೆ. ಹೆದರಿಕೆಯನ್ನು ಎಷ್ಟು ಮುಚ್ಚಬೇಕು, ಎಷ್ಟನ್ನು ಪಾತ್ರಕ್ಕೆ ಬಿಡಬೇಕು ಎಂಬುದೇ ನಟನೆಯ ಅರ್ಧ. ಫ್ರಿಡ್ ಅದನ್ನು ಮುಚ್ಚಿಹಾಕಲಿಲ್ಲ. ಅವರ ಎದುರಿಗೆ ನಿಂತ ಗ್ರೇಸನ್ ಹಾಲ್ ಅವರನ್ನೂ ಗಮನಿಸಿ, ಡಾಕ್ಟರ್ ಜೂಲಿಯಾ ಹಾಫ್‌ಮನ್. 1964ರ ಒಂದು ಚಿತ್ರಕ್ಕಾಗಿ ಆಸ್ಕರ್ ನಾಮನಿರ್ದೇಶನ ಪಡೆದು ಬಂದವರು. ಫ್ರಿಡ್ ತಡವರಿಸಿದ ಕ್ಷಣದಲ್ಲಿ ಅವರು ಸುಮ್ಮನೆ ಒಂದು ಸಿಗರೇಟು ಹಚ್ಚುತ್ತಾರೆ, ಅಥವಾ ಅವರನ್ನೇ ದಿಟ್ಟಿಸಿ ನೋಡುತ್ತಾ ನಿಲ್ಲುತ್ತಾರೆ. ಬಾರ್ನಬಸ್‌ನ ಮೇಲೆ ಜೂಲಿಯಾಗೆ ಇದ್ದ, ಬಾಯಿಬಿಟ್ಟು ಹೇಳದ ಪ್ರೀತಿ ಹುಟ್ಟಿದ್ದೇ ಆ ನಡುವಿನ ಮೌನಗಳಲ್ಲಿ ಎಂದು ನಾನು ನಂಬಿದ್ದೇನೆ. 1985ರಲ್ಲಿ, ಅರವತ್ತರ ಆಸುಪಾಸಿನಲ್ಲಿಯೇ, ಅವರು ತೀರಿಕೊಂಡರು.

ಧ್ವನಿಯವಳಾಗಿ ಇನ್ನೊಂದು ಮಾತು ಹೇಳದೆ ಇರಲಾರೆ. 1225ರಲ್ಲಿ ಒಂದೇ ಒಂದು ಕಂತಿನ ಟೇಪು ಕಳೆದುಹೋಗಿದೆ, 1219ನೆಯದು. ಅಂದು ಯಾರೋ ಅಭಿಮಾನಿ ಮನೆಯ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಧ್ವನಿ ಹಿಡಿದಿದ್ದರು. ಆ ಧ್ವನಿಗೆ ಸ್ಥಿರಚಿತ್ರಗಳನ್ನು ಜೋಡಿಸಿ ಆ ಕಂತನ್ನು ಉಳಿಸಿದ್ದಾರೆ. ನಿಮ್ಮ ಡಬ್ಬದಲ್ಲಿಯೂ ಅದೇ ಇರುತ್ತದೆ.


ನಿವೃತ್ತ ಟೀಚರ್, ಸೋಮವಾರಪೇಟೆ:

ಮಡಿಕೇರಿಯ ಸೋದರಿಯ ಬರಹವನ್ನು ನಿನ್ನೆ ರಾತ್ರಿ ಮೂರು ಸಲ ಓದಿದೆ. ಓದುತ್ತಾ ಒಬ್ಬ ಹುಡುಗ ನೆನಪಾದ.

ನಾನು 31 ವರ್ಷ ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿದವಳು. ಶಾಲಾ ವಾರ್ಷಿಕೋತ್ಸವದ ನಾಟಕ ಪ್ರತಿ ವರ್ಷ ನನ್ನ ತಲೆಗೇ ಬರುತ್ತಿತ್ತು. ಒಂದು ವರ್ಷ ಹರಿಶ್ಚಂದ್ರ. ಏಳನೆಯ ತರಗತಿಯ ಹುಡುಗ, ಒಳ್ಳೆಯ ಕಂಠ, ತಾಲೀಮಿನಲ್ಲಿ ಒಂದಕ್ಷರ ತಪ್ಪಿದವನಲ್ಲ. ಅಂದು ಸ್ಮಶಾನದ ದೃಶ್ಯದಲ್ಲಿ, ಚಂದ್ರಮತಿ ಮಗನ ಶವ ತಂದು ಮುಂದಿಟ್ಟಾಗ, ಇವನ ಮಾತು ಪೂರ್ತಿ ಹೋಯಿತು. ನಾನು ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದು ಪಿಸುಗುಟ್ಟುತ್ತಲೇ ಇದ್ದೇನೆ, ಮೇಲೆ ತಗಡಿನ ಮಾಡು, ಅಕಾಲದ ಮಳೆ, ಅವನಿಗೆ ಕೇಳಿಸುತ್ತಿಲ್ಲ. ನನ್ನ ಕಡೆ ನೋಡುತ್ತಾನೆ, ಶವದ ಕಡೆ ನೋಡುತ್ತಾನೆ, ಮತ್ತೆ ನನ್ನ ಕಡೆ. ತುಟಿ ನಡುಗುತ್ತಿದೆ. ನನ್ನ ಕೈಕಾಲು ತಣ್ಣಗಾಯಿತು. ಎದುರಿಗೆ ಕುಳಿತಿದ್ದ ತಾಯಂದಿರು ಒಬ್ಬೊಬ್ಬರಾಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಶುರುಮಾಡಿದರು. ಆ ವರ್ಷ ಅವನಿಗೆ ಮೊದಲ ಬಹುಮಾನ.

ಅವನು ಮತ್ತೆ ಯಾವ ನಾಟಕಕ್ಕೂ ಬರಲಿಲ್ಲ. ಕರೆದರೂ ಬರಲಿಲ್ಲ. ಈಗ ಪಿಕ್‌ಅಪ್ ಗಾಡಿ ಇಟ್ಟುಕೊಂಡು ಶುಂಠಿ, ಕಾಫಿ ಸಾಗಿಸುತ್ತಾನೆ. ಕೆಲವು ವರ್ಷದ ಹಿಂದೆ ಕುಶಾಲನಗರಕ್ಕೆ ನನ್ನನ್ನು ಕರೆದುಕೊಂಡು ಹೋದಾಗ ದಾರಿಯಲ್ಲಿ ಕೇಳಿದೆ. "ಎಲ್ಲರೂ ಚಪ್ಪಾಳೆ ತಟ್ಟಿದ್ದು ನಾನು ಮಾಡದೆ ಇದ್ದದ್ದಕ್ಕೆ, ಟೀಚರ್. ಅದನ್ನು ಮತ್ತೆ ಹೇಗೆ ಮಾಡಲಿ?" ಎಂದ. ಅಂದು ಅವನಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ಗೋಣಿಕೊಪ್ಪಲಿನ ತಮ್ಮ, ಫ್ರಿಡ್ ಅವರಿಗೆ ಬೇಡವೆನಿಸಿರಬೇಕು ಎಂದೆಯಲ್ಲ. ಒಪ್ಪುತ್ತೇನೆ. ಆದರೆ ಅದರ ಹಿಂದೆ ಇಂಥದ್ದೇನಾದರೂ ಇತ್ತೇ ಎಂದು ನನ್ನ ಮನಸ್ಸು ಕೇಳುತ್ತಲೇ ಇದೆ. ಅವರು ಆಮೇಲೆ ಆರಿಸಿಕೊಂಡದ್ದು ಪುಸ್ತಕ ಮುಂದಿಟ್ಟುಕೊಂಡು ಓದುವ ಪ್ರದರ್ಶನವನ್ನು. ಮಾತು ಮರೆಯುವ ಭಯವೇ ಇಲ್ಲದ ಜಾಗ. ವಿರಾಜಪೇಟೆಯ ಹಿರಿಯರು ಬರೆದ ಆ ಮೇಜು ಕುರ್ಚಿಯ ಚಿತ್ರ ಕಣ್ಣಿಗೆ ಕಟ್ಟಿದ ಹಾಗಿದೆ, ಆ ವಯಸ್ಸಿನಲ್ಲಿ ಅವರು ನೆಮ್ಮದಿಯಿಂದ ಓದಿರಬೇಕು ಎಂದು ನನ್ನ ಆಸೆ.


ಕಕ್ಕಬ್ಬೆ:

ನಾನು ನಟರ ಬಗ್ಗೆ ಬಲ್ಲವನಲ್ಲ. 1991ರಲ್ಲಿ ಬೆನ್ ಕ್ರಾಸ್ ಬಾರ್ನಬಸ್ ಆಗಿದ್ದ ಮರುನಿರ್ಮಾಣವನ್ನು ಮೊದಲು ನೋಡಿ, 12 ಕಂತಿಗೇ ಅದು ನಿಂತುಹೋದದ್ದಕ್ಕೆ ಬೇಸರವಾಗಿ ಹಳೆಯದಕ್ಕೆ ಬಂದವನು. ನನಗೆ ಹೇಳಬೇಕೆನಿಸಿದ್ದು ಬೇರೆ.

ನಮ್ಮ ಕೊಡವ ಮನೆತನಗಳಲ್ಲಿ ಐನ್‌ಮನೆಯ, ಎಂದರೆ ಮನೆತನದ ಮೂಲಮನೆಯ, ಹತ್ತಿರ ಕೈಮಡ ಎಂಬ ಹಿರಿಯರ ಗುಡಿ ಇರುತ್ತದೆ, ಗುರುಕಾರಣನಿಗೆ. ಮನೆತನವನ್ನು ಕಟ್ಟಿದ ಹಿರಿಯ. ಹಬ್ಬಕ್ಕೆ ಅವನಿಗೆ ಮೊದಲು ಎಡೆ ಇಟ್ಟ ಮೇಲೆಯೇ ನಮ್ಮ ಊಟ. ನಡುಬಾಡೆಯ, ಎಂದರೆ ನಡುಮನೆಯ, ದೀಪದ ಮುಂದೆ ನಿಂತು ಒಳ್ಳೆಯದನ್ನೂ ಹೇಳುತ್ತೇವೆ, ಜಗಳವನ್ನೂ ಹೇಳುತ್ತೇವೆ. ಸತ್ತ ಹಿರಿಯ ಮನೆಯ ವ್ಯವಹಾರದಲ್ಲಿ ಇದ್ದೇ ಇರುತ್ತಾನೆ. ಹಾಗೆ ಬೆಳೆದ ನನಗೆ ಆ ಬಂಗಲೆಯ ಹಜಾರದ ಚಿತ್ರಪಟ ಮೊದಲ ದಿನ ಭಯ ಹುಟ್ಟಿಸಲೇ ಇಲ್ಲ. ಹಿರಿಯ ಮನೆಗೆ ಬಂದಿದ್ದಾನೆ, ಅವನಿಗೆ ಏಕೆ ಯಾರೂ ಏನೂ ಕೊಡುತ್ತಿಲ್ಲ ಎನಿಸಿತು. ಆ ಮನೆಯವರು ಅವನ ಚಿತ್ರವನ್ನು ಗೋಡೆಗೆ ಹಾಕಿ, ಹೆಸರನ್ನು ಪುಸ್ತಕದಲ್ಲಿ ಬರೆದು, ಅವನನ್ನು ಮಾತ್ರ ಸರಪಳಿ ಸುತ್ತಿ ಮುಚ್ಚಿಟ್ಟಿದ್ದರು. ಯಾರು ಮುಚ್ಚಿದ್ದು, ಏಕೆ ಎಂಬುದನ್ನು ಹೇಳುವುದಿಲ್ಲ. ಕಥೆ 1795ಕ್ಕೆ ಹೋದಾಗ ನೀವೇ ನೋಡುತ್ತೀರಿ. ಅತ್ತಿಗೆಯವರ ಪಕ್ಕ ಒಂದು ಟವೆಲ್ ಇಟ್ಟುಕೊಳ್ಳಿ.

ಆ ಭಾಗವನ್ನು ನೋಡುವಾಗಲೆಲ್ಲ ನಮ್ಮೂರಿನ ನಾಲ್ಕುನಾಡು ಅರಮನೆ ಕಣ್ಣಮುಂದೆ ಬರುತ್ತದೆ. ದೊಡ್ಡವೀರರಾಜೇಂದ್ರ ಅದನ್ನು ಕಟ್ಟಿಸಿದ್ದು 1792ರಲ್ಲಿ, ತಡಿಯಂಡಮೋಳು ಬೆಟ್ಟದ ಬುಡದಲ್ಲಿ. ಮರದ ಕಂಬ, ಕತ್ತಲೆಯ ಕೋಣೆ, ಗೋಡೆಯ ಮೇಲೆ ಮಾಸಿದ ಬಣ್ಣ. ಮಳೆಗಾಲದ ಮಧ್ಯಾಹ್ನ ಅಲ್ಲಿ ಒಬ್ಬನೇ ನಿಂತರೆ ಬಾರ್ನಬಸ್‌ನ ಹಳೆಯ ಮನೆ ಹೇಗಿತ್ತೆಂದು ಸೆಟ್ ಹಾಕಿದವರಿಗಿಂತ ಚೆನ್ನಾಗಿ ತಿಳಿಯುತ್ತದೆ. ಒಂದೇ ಕಾಲದ ಎರಡು ಮನೆ, ಒಂದು ನಿಜ, ಒಂದು ಹಲಗೆ ಮತ್ತು ಬಟ್ಟೆಯದು.

1795ರ ಭಾಗದಲ್ಲಿ ನಟರೆಲ್ಲ ಬೇರೆ ಬೇರೆ ಪಾತ್ರಗಳಾಗಿ ಮರಳುತ್ತಾರೆ, ಹಿಂದಿನ ಕಂಪನಿ ನಾಟಕದಲ್ಲಿ ಒಬ್ಬರೇ ಎರಡು ವೇಷ ಹಾಕುತ್ತಿದ್ದ ಹಾಗೆ. ಮ್ಯಾಗಿಯಾಗಿರುವ ಕ್ಯಾಥರಿನ್ ಲೀ ಸ್ಕಾಟ್ ಅವರನ್ನು ಅಲ್ಲಿ ನೋಡಿ. ಮುಂದೆ ಅವರೇ 1980ರ ದಶಕದಲ್ಲಿ ಒಂದು ಪ್ರಕಾಶನ ಸಂಸ್ಥೆ ಕಟ್ಟಿ ಈ ಧಾರಾವಾಹಿಯ ನೆನಪುಗಳನ್ನು ಪುಸ್ತಕವಾಗಿ ತಂದರು. ಮಾಟಗಾತಿ ಏಂಜಲಿಕ್ ಆಗಿ ಬರುವ ಲಾರಾ ಪಾರ್ಕರ್ ತಮ್ಮ ಪಾತ್ರದ ಕಥೆಯನ್ನೇ ಕಾದಂಬರಿಯಾಗಿ ಬರೆದರು. 2023ರಲ್ಲಿ ತೀರಿಹೋದರು. ಆ ಮನೆಯನ್ನು ಬಿಟ್ಟು ಹೋಗಲಾಗದವರು ಅವರಲ್ಲಿಯೂ ಇದ್ದರು.


ಹಳೆಯ ರೀಲು, ವಿರಾಜಪೇಟೆ:

ಒಂದು ವಿಷಯ ಬಿಟ್ಟಿದ್ದೆ. 2012ರಲ್ಲಿ ಟಿಮ್ ಬರ್ಟನ್ ಈ ಕಥೆಯನ್ನು ಚಲನಚಿತ್ರ ಮಾಡಿದಾಗ, ಬಾರ್ನಬಸ್ ಪಾತ್ರಕ್ಕೆ ಜಾನಿ ಡೆಪ್. ಅದರ ಔತಣದ ದೃಶ್ಯದಲ್ಲಿ ಬಾಗಿಲಿನಿಂದ ನಾಲ್ವರು ಅತಿಥಿಗಳು ಬರುತ್ತಾರೆ. ಫ್ರಿಡ್, ಸೆಲ್ಬಿ, ಕ್ಯಾಥರಿನ್, ಲಾರಾ. ಕೆಲವೇ ಕ್ಷಣ. ಫ್ರಿಡ್ ಆಗ ಎಂಬತ್ತರ ಕೊನೆಯತ್ತ ಸಾಗುತ್ತಿದ್ದರು. ಆ ಚಿತ್ರ ಮೇ ತಿಂಗಳಿನಲ್ಲಿ ತೆರೆಗೆ ಬಂತು, ಅವರು ಏಪ್ರಿಲ್‌ನಲ್ಲಿಯೇ ತಮ್ಮ ಹುಟ್ಟೂರು ಹ್ಯಾಮಿಲ್ಟನ್ನಿನಲ್ಲಿ ತೀರಿಕೊಂಡಿದ್ದರು. ಚಿತ್ರ ನನಗೆ ಹಿಡಿಸಲಿಲ್ಲ, ಆದರೆ ಆ ಬಾಗಿಲಿನ ದೃಶ್ಯವನ್ನು ಇಟ್ಟದ್ದಕ್ಕಾಗಿ ನಿರ್ದೇಶಕರಿಗೆ ನಾನು ಋಣಿ. 1967ರಲ್ಲಿಯೂ ಅವರು ಬಂದದ್ದು ಬಾಗಿಲಿನಿಂದಲೇ.


ನಿವೃತ್ತ ಟೀಚರ್, ಸೋಮವಾರಪೇಟೆ:

ಇವತ್ತು ಮಧ್ಯಾಹ್ನ ಅತ್ತಿಗೆಗೆ ಎಲ್ಲವನ್ನೂ ಓದಿ ಹೇಳಿದೆ. ಟೆಲಿಪ್ರಾಂಪ್ಟರ್ ಎಂದರೆ ಏನೆಂದು ವಿವರಿಸಬೇಕಾಯಿತು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಉದ್ದದ ಮಾತನ್ನು ಒಬ್ಬನಿಗೇ ಏಕೆ ಕೊಡಬೇಕಿತ್ತು? ಆ ಹೆಂಗಸಿಗೆ ಅರ್ಧ ಕೊಡಬಹುದಾಗಿತ್ತಲ್ಲ" ಎಂದರು. ಆ ಹೆಂಗಸು ಎಂದರೆ ಡಾಕ್ಟರ್ ಜೂಲಿಯಾ. ಆಕೆ ಬಂದ ದಿನದಿಂದ ಅತ್ತಿಗೆ ಅವರ ಕಡೆಯವರು.

295ನೆಯ ಕಂತಿನಿಂದ ಚಿತ್ರ ಬಣ್ಣಕ್ಕೆ ತಿರುಗಿದೆ. ಅತ್ತಿಗೆಗೆ ಕಪ್ಪು ಬಿಳುಪೇ ಚೆಂದವಿತ್ತಂತೆ, ಈಗ ಮೇಣದ ಬತ್ತಿಗಳು ಹುಟ್ಟುಹಬ್ಬದವುಗಳ ಹಾಗೆ ಕಾಣುತ್ತವಂತೆ. ನನಗೂ ಹಾಗೆಯೇ ಅನಿಸುತ್ತದೆ. ಆದರೆ ಫ್ರಿಡ್ ಅವರ ಕಣ್ಣು ಈಗ ಇನ್ನೂ ಸ್ಪಷ್ಟವಾಗಿದೆ. ಅದು ಪ್ರಾಂಪ್ಟರ್ ಕಡೆ ಹೋಗುವ ಪ್ರತಿ ಸಲವೂ ನನಗೆ ಈಗ ಗೊತ್ತಾಗುತ್ತದೆ, ಗೊತ್ತಾದಾಗ ಸೈಡ್‌ವಿಂಗಿನಲ್ಲಿ ನಿಂತವಳಂತೆ ನನ್ನ ತುಟಿಯೂ ಅಲುಗಾಡುತ್ತದೆ. ಅವರು ಮಾತು ಸಿಕ್ಕಿ ಮುಂದುವರಿದಾಗ ಇಲ್ಲಿ ನಾವಿಬ್ಬರೂ ಉಸಿರು ಬಿಡುತ್ತೇವೆ.

ನಿನ್ನೆ ಪಿಕ್‌ಅಪ್ ಹುಡುಗನಿಗೂ ಫೋನ್ ಮಾಡಿದ್ದೆ. ಗೊಬ್ಬರದ ಮೂಟೆ ಇಳಿಸಲು ಶನಿವಾರ ಬರುತ್ತಾನೆ. ಬಂದಾಗ ಮ್ಯಾಗಿಗೆ ಪೆಟ್ಟಿಗೆ ಕೊಡುವ ಆ ಕಂತನ್ನು ಅವನಿಗೆ ಹಾಕಿ ತೋರಿಸಬೇಕೆಂದಿದ್ದೇನೆ. ಮೊದಲು ಏನೂ ಹೇಳುವುದಿಲ್ಲ.

ಇನ್ನು 920ಕ್ಕೂ ಹೆಚ್ಚು ಕಂತುಗಳಿವೆ. ದಿನಕ್ಕೆ ಎರಡರಂತೆ ಹೋದರೆ ಮಡಿಕೇರಿಯ ಸೋದರಿ ಹೇಳಿದ 1219ಕ್ಕೆ ತಲುಪುವಾಗ ಮುಂದಿನ ವರ್ಷದ ಮಳೆಯೂ ಮುಗಿದಿರುತ್ತದೆ. ಜೂಲಿಯಾಗೆ ಏನಾಗುತ್ತದೆ ಎಂದು ಮಾತ್ರ ಯಾರೂ ಬರೆಯಬೇಡಿ. ಅತ್ತಿಗೆ ದಿನಾ ಸಂಜೆ, "ಇವತ್ತು ಏನು ಬರೆದಿದ್ದಾರೆ, ಓದು" ಎಂದು ಪಕ್ಕದಲ್ಲಿಯೇ ಬಂದು ಕುಳಿತುಕೊಳ್ಳುತ್ತಾರೆ.